ತೋಳದ ಮಾಳದಲ್ಲಿ ನಾನು ತೋಡಿದ ಗುಂಡಿ

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ವಾರಕ್ಕೆ ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ ಭಾನುವಾರ ಬಂದರೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರಾಚೆ ಹೋಗುವುದು ಒಂದು ಚಟ. ಸಹೋದ್ಯೋಗಿಗಳೆಲ್ಲ ಲೋಣಾವಳ, ಮುಳಶಿ ಎಂದು ಪಶ್ಚಿಮಕ್ಕೆ ಹೊರಟರೆ ನನ್ನ ಬೈಕು ಪೂರ್ವಕ್ಕೆ ತಿರುಗುತ್ತದೆ. ಸಾಸವಡ, ಜೇಜುರಿ, ಸುಪೆ ಕಡೆಯ ಸೀಮೆ ಅದು. ಸಹ್ಯಾದ್ರಿಯ ಮಳೆ ನೆರಳಿನ ಪ್ರದೇಶ. ಅಲ್ಲಿ ಕಾಡಿಲ್ಲ, ಜಲಪಾತವಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಮೊಣಕಾಲೆತ್ತರದ ಹುಲ್ಲು, ನಡುನಡುವೆ ಜಾಲಿ, ಬೋರೆ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವನಿಗೆ ಅದು ಪರಊರು ಅನಿಸುವುದಿಲ್ಲ.

ಕಳೆದ ಜನವರಿಯ ಒಂದು ಭಾನುವಾರ. ಬೆಳಿಗ್ಗೆ ಏಳು ಗಂಟೆಯಾದರೂ ಚಳಿ ಇಳಿದಿರಲಿಲ್ಲ. ಇಂಡಿಯನ್ ಕೋರ್ಸರ್ ಎಂಬ ಹಕ್ಕಿಯ ಬೆನ್ನು ಬಿದ್ದಿದ್ದೆ. ಅದು ಹಾರುವುದಕ್ಕಿಂತ ಓಡುವುದೇ ಹೆಚ್ಚು. ನಿಂತ ಮನುಷ್ಯನನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಕಲ್ಲಿನ ಬದುವಿನ ಪಕ್ಕ ಬೋರಲು ಮಲಗಿ ಕಾಯುತ್ತಿದ್ದೆ. ಅರ್ಧ ಗಂಟೆಯ ನಂತರ ಎರಡು ಹಕ್ಕಿ ಬಂದವು. ಇನ್ನೇನು ಕ್ಲಿಕ್ಕಿಸಬೇಕು, ಎರಡೂ ಒಮ್ಮೆಲೇ ನನ್ನ ಎಡಗಡೆ ನೋಡಿ ಪುರ್ರನೆ ಹಾರಿಹೋದವು. ನಾನೂ ಅತ್ತ ತಿರುಗಿದೆ.

ಮೂವತ್ತು ಹೆಜ್ಜೆ ದೂರದಲ್ಲಿ ಒಂದು ನಾಯಿ ನಿಂತಿತ್ತು. ನಾಯಿ ಅಂದುಕೊಂಡದ್ದು ಅರೆಕ್ಷಣ ಮಾತ್ರ. ಕಾಲು ನಾಯಿಯದ್ದಕ್ಕಿಂತ ಉದ್ದ. ಮೈ ಒಣಹುಲ್ಲಿನ ಬಣ್ಣ, ಬೆನ್ನ ಮೇಲೆ ಕಪ್ಪು ಕೂದಲು, ಇಳಿಬಿಟ್ಟ ಬಾಲ. ನಾಯಿಯಾಗಿದ್ದರೆ ಬೊಗಳಬೇಕಿತ್ತು, ಇಲ್ಲವೇ ಬಾಲ ಆಡಿಸಬೇಕಿತ್ತು. ಇದು ಎರಡೂ ಮಾಡದೆ ನನ್ನನ್ನೇ ನೋಡುತ್ತಿತ್ತು. ತೋಳ! ಚಿಕ್ಕಂದಿನಲ್ಲಿ ಶಾಲೆಯಲ್ಲಿ 'ತೋಳ ಬಂತು ತೋಳ' ಕಥೆಯನ್ನು ನೂರು ಸಲ ಹೇಳಿದ್ದೇನೆ. ನಿಜವಾಗಿ ಬಂದಾಗ ಬಾಯಿಂದ ಸ್ವರವೇ ಹೊರಡಲಿಲ್ಲ.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ನಾನು ನೆಲಕ್ಕೆ ಅಂಟಿಕೊಂಡು ಮಲಗಿದ್ದೆ, ಅದರ ಕಣ್ಣಿಗೆ ನಾನೊಂದು ಗಾಯಗೊಂಡ ಪ್ರಾಣಿಯಂತೆ ಕಂಡಿರಬಹುದು ಎಂಬ ಯೋಚನೆ ಬಂತು. ಮೆಲ್ಲಗೆ ಎದ್ದು ಕುಳಿತೆ. ಅದು ಎರಡು ಹೆಜ್ಜೆ ಹಿಂದೆ ಸರಿದು, ಪಕ್ಕದಲ್ಲಿದ್ದ ಮಣ್ಣಿನ ದಿಬ್ಬವೊಂದನ್ನು ಏರಿ ಮತ್ತೆ ನೋಡಿತು. ಆಗ ಕೈ ತಾನಾಗಿಯೇ ಕ್ಯಾಮೆರಾ ಎತ್ತಿತು. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಹುಲ್ಲಿನ ಒಳಗಿಂದ ಇನ್ನೊಂದು ತೋಳ ಎದ್ದು ನಿಂತಿತು. ಅಷ್ಟು ಹೊತ್ತು ಅದು ಅಲ್ಲೇ ಇತ್ತು, ನನಗೆ ಕಂಡಿರಲಿಲ್ಲ. ಎರಡೂ ಅವಸರವೇ ಇಲ್ಲದಂತೆ ಕುದುರೆ ನಡಿಗೆಯಲ್ಲಿ ಹಳ್ಳದ ಕಡೆಗೆ ಇಳಿದು ಮರೆಯಾದವು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಅವು ಹೋದ ಕಾರಣ ಸ್ವಲ್ಪ ಹೊತ್ತಿಗೇ ತಿಳಿಯಿತು. ಕುರಿಮಂದೆಯೊಂದು ಬರುತ್ತಿತ್ತು, ಹಿಂದೆ ಕೆಂಪು ಮುಂಡಾಸಿನ ಧನಗರ ಮುದುಕ. ತೋಳ ನೋಡಿದೆ ಎಂದು ನನ್ನ ಅರೆಬರೆ ಮರಾಠಿಯಲ್ಲಿ ಏದುಸಿರು ಬಿಡುತ್ತ ಹೇಳಿದೆ. ಆತ ನಕ್ಕು, ಯಾವ ಊರು ಎಂದು ಕೇಳಿದ. ಕರ್ನಾಟಕ, ದೇವರಗುಡ್ಡದ ಹತ್ತಿರ, ಮೈಲಾರನ ಒಕ್ಕಲು ಅಂದೆ. ಅಷ್ಟು ಸಾಕಾಯಿತು. ಜೇಜುರಿಯ ಖಂಡೋಬ ನಮ್ಮ ಮೈಲಾರನೇ ತಾನೆ. ಅವರು 'ಯೆಳ್‌ಕೋಟ್' ಅನ್ನುವುದು ನಮ್ಮ 'ಏಳುಕೋಟಿ'ಯೇ. ಮುದುಕ ಕಂಬಳಿ ಹಾಸಿ ಕೂತ.

"ಮಾಮಾ, ನಿಮಗೆ ಅದರ ಭಯ ಇಲ್ಲವೇ?" ಎಂದು ಕೇಳಿದೆ.

"ಭಯ ಯಾಕಿಲ್ಲ ಪಾವ್ಣೆ? ಈ ವರ್ಷ ನಾಲ್ಕು ಮರಿ ಒಯ್ದಿದೆ. ಪರಿಹಾರ ಕೇಳಲು ಹೋದರೆ ಸತ್ತ ಮರಿ ತೋರಿಸು ಅನ್ನುತ್ತಾರೆ. ಅದು ಬಿಟ್ಟು ಹೋದರೆ ತಾನೆ ತೋರಿಸುವುದು?" ಸ್ವಲ್ಪ ತಡೆದು ಮುಂದುವರಿಸಿದ. "ತೋಳದ ಜೊತೆ ನಮ್ಮ ಅಪ್ಪ, ಅಜ್ಜ ಎಲ್ಲ ಬಾಳಿದ್ದಾರೆ. ನಾಯಿ ಸಾಕುತ್ತೇವೆ, ರಾತ್ರಿ ಎದ್ದು ಕೂರುತ್ತೇವೆ. ಆದರೆ ಇದರ ಜೊತೆ ಹೇಗೆ ಬಾಳುವುದು?" ಎಂದು ಕೋಲು ಚಾಚಿ ತೋಳ ನಿಂತಿದ್ದ ದಿಬ್ಬ ತೋರಿಸಿದ.

ಅದು ದಿಬ್ಬವಲ್ಲ, ಕಾಲುವೆಯಂತೆ ಉದ್ದಕ್ಕೆ ತೋಡಿದ ಟ್ರೆಂಚಿನ ಮಣ್ಣು. ಅದರ ಗುಂಟ ಗುಂಡಿಗಳು, ಗುಂಡಿಗಳಲ್ಲಿ ಗಿಡಗಳು, ಸುತ್ತ ತಂತಿಬೇಲಿ. ಬೇಲಿಯ ಒಂದು ಬದಿ ಮುರಿದಿತ್ತು. ಗಿಡ ನೆಟ್ಟ ಮೇಲೆ ಕುರಿ ಒಳಗೆ ಬಿಡುವಂತಿಲ್ಲ, ಬಿಟ್ಟರೆ ದಂಡ. ಮೂರು ವರ್ಷದಿಂದ ಮಂದೆಯನ್ನು ಸುತ್ತುಬಳಸಿ ಹೊಡೆದುಕೊಂಡು ಹೋಗಬೇಕಾಗಿದೆ, ಟ್ರೆಂಚಿಗೆ ಬಿದ್ದು ಕುರಿಗಳ ಕಾಲು ಮುರಿಯುತ್ತಿವೆ ಎಂದ.

ಆ ಸಂಜೆ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದರೆ, "ತ್ವಾಳ ನೋಡೀದ್ಯಾ? ಐತವಾರ ಒಂದಿನ ಮನ್ಯಾಗ ಕುಂದ್ರಾಕ ಏನಾಗಿತ್ತು ನಿನಗ?" ಎಂದು ಬೈದಳು. ಬೈಸಿಕೊಂಡು ಖುಷಿಯಲ್ಲೇ ಲ್ಯಾಪ್‌ಟಾಪ್ ತೆರೆದು ಫೋಟೊ ಹಾಕಿದೆ. ಹನ್ನೊಂದು ಫ್ರೇಮ್ ಬಂದಿದ್ದವು. ಹತ್ತು ಅಲುಗಾಡಿದ್ದವು. ಒಂದು ಮಾತ್ರ ಸ್ಪಷ್ಟ. ಮಣ್ಣಿನ ದಿಬ್ಬದ ಮೇಲೆ ತೋಳ, ಬೆಳಗಿನ ಓರೆ ಬಿಸಿಲು, ಹಿಂದೆ ಒಂದು ಹಸಿರು ಬೋರ್ಡು. ಅಕ್ಷರ ಓದಲು ಫೋಟೊ ದೊಡ್ಡದು ಮಾಡಿದೆ. ಬೋರ್ಡಿನ ಮೇಲಿದ್ದದ್ದು ನಮ್ಮ ಕಂಪನಿಯ ಹೆಸರು.

ಆಗ ನೆನಪಾಯಿತು. ಎರಡೂವರೆ ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ಆರು ಬಸ್ಸುಗಳಲ್ಲಿ ನಮ್ಮನ್ನೆಲ್ಲ ಗಿಡ ನೆಡಲು ಕರೆದುಕೊಂಡು ಹೋಗಿದ್ದರು. ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡುತ್ತ ಹೋದವನಿಗೆ ಯಾವ ಊರು, ಯಾವ ದಾರಿ ಎಂಬುದು ಗಮನಕ್ಕೇ ಬಂದಿರಲಿಲ್ಲ. ಮಳೆಯಲ್ಲಿ ಹಸಿರಾಗಿದ್ದ ನೆಲ ಜನವರಿಯಲ್ಲಿ ಬೇರೆಯೇ ಆಗಿ ಕಂಡಿತ್ತು. ಹಸಿರು ಟೀ ಶರ್ಟು, ಟೋಪಿ, ಒಂದು ವಡಾಪಾವ್ ಕೊಟ್ಟಿದ್ದರು. ನಾನೂ ಗುದ್ದಲಿ ಹಿಡಿದು ಮೂರು ಗುಂಡಿ ತೋಡಿದ್ದೆ, ಗ್ರೂಪ್ ಫೋಟೊ ತೆಗೆದದ್ದೂ ನಾನೇ. ಆ ಟೀ ಶರ್ಟು ಇಂದಿಗೂ ನನ್ನ ಕಪಾಟಿನಲ್ಲಿದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಸೋಮವಾರ ಆಫೀಸಿನ ಫೋಟೊಗ್ರಫಿ ಗುಂಪಿಗೆ ಆ ಚಿತ್ರ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಸಿಎಸ್‌ಆರ್ ವಿಭಾಗದಿಂದ ಮೇಲ್ ಬಂತು. ಫೋಟೊ ಅದ್ಭುತವಾಗಿದೆ, ಕಂಪನಿಯ ಮುಂದಿನ ಸಂಚಿಕೆಯ ಮುಖಪುಟಕ್ಕೆ ಬೇಕು, ನಾವು ನೆಟ್ಟ ಕಾಡಿಗೆ ವನ್ಯಜೀವಿ ಮರಳಿ ಬಂದಿದೆ ಎಂಬ ಶೀರ್ಷಿಕೆ ಕೊಡುತ್ತೇವೆ ಎಂದಿತ್ತು.

ತೋಳ ನಮ್ಮ ಗಿಡಗಳಿಗಾಗಿ ಬಂದದ್ದಲ್ಲ. ನಾವು ಗುದ್ದಲಿ ತರುವ ಮೊದಲೂ ಅದು ಅಲ್ಲೇ ಇತ್ತು. ನಾವು ಗಿಡ ನೆಟ್ಟದ್ದು ಅದರ ಮನೆಯೊಳಗೆ.

ನಮ್ಮಲ್ಲಿ ಬಹುಪಾಲು ಜನರಿಗೆ ಪರಿಸರವೆಂದರೆ ಮರ. ಮರವಿಲ್ಲದ ನೆಲ ಪಾಳು. ಈ ಎಣಿಕೆ ನಮ್ಮ ತಲೆಗೆ ಮಾತ್ರ ಸೇರಿದ್ದಲ್ಲ, ಕಾಗದಪತ್ರಗಳಲ್ಲೂ ಇದೆ. ಕೇಂದ್ರ ಸರ್ಕಾರ ಪ್ರಕಟಿಸುವ ಪಾಳುಭೂಮಿಗಳ ಅಟ್ಲಾಸಿನಲ್ಲಿ ಇಂಥ ಹುಲ್ಲುಗಾವಲು, ಕುರುಚಲು ಪ್ರದೇಶಗಳನ್ನು ಸೇರಿಸಿದ್ದಾರೆ. ಕಂದಾಯ ಹುಟ್ಟದ ನೆಲವೆಲ್ಲ ವ್ಯರ್ಥ ಎಂದು ಬ್ರಿಟಿಷರ ಕಾಲದಲ್ಲಿ ಬರೆದಿಟ್ಟ ಲೆಕ್ಕ ಇನ್ನೂ ಮುಂದುವರಿದಿದೆ. ನಮ್ಮ ಪಹಣಿಯಲ್ಲೂ ಅಂಥ ನೆಲ 'ಖರಾಬು'. ಆದರೆ ಜನರ ಬಾಯಲ್ಲಿ ಅದಕ್ಕೆ ಇರುವ ಹೆಸರುಗಳನ್ನು ನೋಡಿ. ಕನ್ನಡದಲ್ಲಿ ಗೋಮಾಳ, ಕಾವಲು, ಹುಲ್ಲುಬನ್ನಿ. ಮರಾಠಿಯಲ್ಲಿ ಮಾಳರಾನ್. ಈ ಯಾವ ಹೆಸರಿನಲ್ಲೂ ಪಾಳು ಎಂಬ ಅರ್ಥವಿಲ್ಲ. ದನ ಮೇಯುವ, ಕುರಿ ಬದುಕುವ, ಊರಿಗೆ ಬೇಕಾದ ನೆಲ ಎಂದೇ ಅರ್ಥ.

ಬಯಲುಸೀಮೆಯ ಹುಲ್ಲು ಕಾಡು ಕಡಿದ ಮೇಲೆ ಉಳಿದ ಶೇಷ ಎಂದು ನಾನೂ ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಮಳೆ ಕಡಿಮೆ ಇರುವ, ಮೇಲ್ಮಣ್ಣು ತೆಳುವಾಗಿರುವ ಕಡೆ ಹುಲ್ಲೇ ನೆಲದ ಸಹಜ ಹೊದಿಕೆ. ಅದು ಇಂಗಾಲವನ್ನು ಹೆಚ್ಚಾಗಿ ಬೇರಿನಲ್ಲಿ, ಮಣ್ಣಿನಲ್ಲಿ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಕಂಡರೂ ಮೊದಲ ಮಳೆಗೆ ಎದ್ದು ನಿಲ್ಲುತ್ತದೆ. ಚಿಂಕಾರ, ನರಿ, ಕತ್ತೆಕಿರುಬ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬಂದು ಹುಲ್ಲಿನಲ್ಲೇ ರಾತ್ರಿ ಕಳೆಯುವ ಹ್ಯಾರಿಯರ್ ಗಿಡುಗಗಳು, ಎಲ್ಲಕ್ಕೂ ಬೇಕಾದದ್ದು ಬಯಲು. ಅಲ್ಲಿ ಸಾಲುಗಟ್ಟಿ ಮರ ನೆಟ್ಟರೆ ಅವು ಜಾಗ ಬಿಡುತ್ತವೆ.

ಇದಕ್ಕೆ ಸಾಕ್ಷಿ ನಮ್ಮೂರಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಕೃಷ್ಣಮೃಗ ಬಯಲಿನ ಪ್ರಾಣಿ. ಆದರೆ ಅಭಯಾರಣ್ಯದ ಬಹಳಷ್ಟು ಭಾಗದಲ್ಲಿ ನಾನು ಹುಡುಗನಾಗಿದ್ದಾಗ ಕಂಡದ್ದು ನೀಲಗಿರಿ ತೋಪು. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಒಂದು ಕಾಲಕ್ಕೆ ಅಲ್ಲಿತ್ತು. ಈಗಿಲ್ಲ. ರಾಜ್ಯದಲ್ಲಿ ಉಳಿದಿರುವ ಬೆರಳೆಣಿಕೆಯ ಎರೆಭೂತಗಳನ್ನು ನೋಡಲು ಬಳ್ಳಾರಿ ಜಿಲ್ಲೆಯ ಸಿರುಗುಪ್ಪಕ್ಕೆ ಹೋಗಬೇಕು. ನೀಲಗಿರಿ ನೆಟ್ಟವರು ಕೆಟ್ಟವರೇನಲ್ಲ. ಬೋಳು ನೆಲ ಹಸಿರಾಗಲಿ ಎಂದೇ ನೆಟ್ಟರು. ಹೊಸದಾಗಿ ನೀಲಗಿರಿ ಬೆಳೆಸುವುದು ಬೇಡ ಎಂದು ಕರ್ನಾಟಕ ಸರ್ಕಾರ ಆದೇಶಿಸಲು 2017 ಬರಬೇಕಾಯಿತು. ಇದನ್ನೆಲ್ಲ ನೋಡುತ್ತಲೇ ಬೆಳೆದ ನಾನು ಪುಣೆಗೆ ಬಂದು ಗುದ್ದಲಿ ಹಿಡಿದು ಅದೇ ತಪ್ಪು ಮಾಡಿದೆ. ಎಂಟೆಕ್ ಮಾಡಿದವನಿಗೆ ಒಂದು ಪ್ರಶ್ನೆ ಕೇಳಬೇಕೆಂದು ಹೊಳೆಯಲಿಲ್ಲ.

ತೋಳದ ವಿಷಯಕ್ಕೆ ಬರೋಣ. ದೇಶದಲ್ಲಿ ಸುಮಾರು ಮೂರು ಸಾವಿರ ತೋಳಗಳಿವೆ ಎಂಬುದು ವಿಜ್ಞಾನಿಗಳ ಅಂದಾಜು. 2022ರ ಗಣತಿಯ ಪ್ರಕಾರ ಹುಲಿಗಳ ಅಂದಾಜು ಸಂಖ್ಯೆ 3,682. ಅಂದರೆ ತೋಳ ಹುಲಿಗಿಂತಲೂ ಕಡಿಮೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎರಡಕ್ಕೂ ಸ್ಥಾನವಿದೆ. ಆದರೆ ಹುಲಿಗೆ ಮೀಸಲು ಅರಣ್ಯವಿದೆ, ತೋಳ ಬದುಕುವುದು ಹೆಚ್ಚಾಗಿ ಇಂಥ ಹೆಸರಿಲ್ಲದ ಮಾಳಗಳಲ್ಲಿ. ತೋಳಕ್ಕೆಂದೇ ಮೀಸಲಾದ ಅಭಯಾರಣ್ಯಗಳು ತೀರಾ ವಿರಳ. ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ 1976ರಿಂದ ಒಂದಿದೆ. ಇನ್ನೊಂದು ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ, ಸುಮಾರು 332 ಹೆಕ್ಟೇರ್. ನವಿಲುಗಳಿರುವ ಹಾವೇರಿ ಜಿಲ್ಲೆಯ ಬಂಕಾಪುರ ಇದಲ್ಲ. ಕನ್ನಡಿಗರು ಹೆಮ್ಮೆಪಡಬೇಕಾದ ಈ ಸಂಗತಿ ನನಗೆ ತಿಳಿದದ್ದೂ ತೋಳ ಕಂಡ ಮೇಲೆಯೇ.

ತೋಳ ಸಾಧು ಪ್ರಾಣಿ ಎಂದು ನಾನು ಹೇಳುತ್ತಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ನಡೆದ ದಾಳಿಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಮಗು ಕಳೆದುಕೊಂಡ ತಾಯಿಯ ಮುಂದೆ ನಿಂತು ಜೀವವೈವಿಧ್ಯದ ಪಾಠ ಹೇಳಲು ಯಾರಿಗೂ ಬಾಯಿ ಬಾರದು. ಮರಿ ಕಳೆದುಕೊಂಡ ಧನಗರ ಮುದುಕನ ನಷ್ಟವೂ ಸಣ್ಣದಲ್ಲ. 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಮಾಳ ಕಿರಿದಾದಷ್ಟೂ ಬೇಟೆ ಕಡಿಮೆಯಾಗುತ್ತದೆ, ತೋಳ ಊರಿಗೆ, ಕುರಿಹಟ್ಟಿಗೆ ಹತ್ತಿರವಾಗುತ್ತದೆ, ಬೀದಿನಾಯಿಗಳ ಜೊತೆ ಬೆರೆಯುತ್ತದೆ. ಪುಣೆ ಸುತ್ತಲಿನ ತೋಳಗಳಲ್ಲಿ ನಾಯಿಯ ರಕ್ತ ಬೆರೆತಿರುವುದನ್ನು ಸಂಶೋಧಕರು ಜೀನ್ ಪರೀಕ್ಷೆಯಿಂದ ದೃಢಪಡಿಸಿದ್ದಾರೆ. ನಾಯಿಗಳಿಂದ ರೋಗವೂ ದಾಟುತ್ತದೆ. ಹಾಗಾಗಿ ಮಾಳ ಕಿರಿದಾದರೆ ತೋಳಕ್ಕೂ ನಷ್ಟ, ಕುರಿಗಾಹಿಗೂ ನಷ್ಟ.

ಸಿಎಸ್‌ಆರ್ ವಿಭಾಗಕ್ಕೆ ಇದನ್ನೆಲ್ಲ ಬರೆದು, ಆ ಶೀರ್ಷಿಕೆಗೆ ನನ್ನ ಫೋಟೊ ಕೊಡುವುದಿಲ್ಲ ಎಂದೆ. ಕಳಿಸುವ ಮುನ್ನ ಇನ್ನೊಂದು ಭಾನುವಾರ ಅಲ್ಲಿಗೆ ಹೋಗಿ ಎಂಟು ಸಾಲುಗಳಲ್ಲಿ ಗಿಡ ಎಣಿಸಿದೆ. ಇನ್ನೂರು ಗುಂಡಿಗಳಲ್ಲಿ ಬದುಕಿದ್ದದ್ದು ಮೂವತ್ತೊಂದು. ನಾನು ತೋಡಿದ ಗುಂಡಿ ಯಾವುದೆಂದು ಗುರುತು ಸಿಗಲಿಲ್ಲ. ಹುಲ್ಲಂತೂ ಗುಂಡಿಗಳ ಸುತ್ತ ಎದ್ದು ಹೋಗಿತ್ತು, ಅಲ್ಲಿ ಕಳೆ ಬೆಳೆದಿತ್ತು.

ಬಂದ ಉತ್ತರ ಸಭ್ಯವಾಗಿಯೇ ಇತ್ತು. ನಿಮ್ಮ ಕಾಳಜಿ ಮೆಚ್ಚತಕ್ಕದ್ದು, ಆದರೆ ಈ ವರ್ಷದ ಗುರಿ ಈಗಾಗಲೇ ಗಿಡಗಳ ಸಂಖ್ಯೆಯಲ್ಲಿ ನಿಗದಿಯಾಗಿದೆ ಎಂದಿದ್ದರು. ಅವರನ್ನು ದೂರಲಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು, ಲೆಕ್ಕ ಕೊಡಲೇಬೇಕು. ಗಿಡ ಎಣಿಸುವುದು ಸುಲಭ. ಹುಲ್ಲನ್ನು ಹಾಗೇ ಬಿಟ್ಟೆವು ಎಂಬುದನ್ನು ಯಾವ ಕಾಲಂನಲ್ಲಿ ತುಂಬುವುದು? ನಮ್ಮ ವೃತ್ತಿಯಲ್ಲಿ ಬರೆದ ಕೋಡಿನ ಸಾಲು ಎಣಿಸಿ ಕೆಲಸ ಅಳೆಯುವ ಮ್ಯಾನೇಜರನ್ನು ಕಂಡರೆ ಎಲ್ಲರೂ ನಗುತ್ತೇವೆ. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟದಿರುವುದೂ ಕೆಲಸವೇ ಎಂದು ಹೊಸಬರಿಗೆ ಹೇಳಿಕೊಡುತ್ತೇವೆ. ಗಿಡದ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಮರ ಬೇಡ ಎಂಬುದು ನನ್ನ ವಾದವಲ್ಲ. ಪುಣೆಯ ರಸ್ತೆ ಅಗಲೀಕರಣಕ್ಕೆ ಕಡಿದ ಆಲ, ಹುಣಸೆಗಳ ಜಾಗಕ್ಕೆ ಗಿಡ ಬೇಕು. ನಾಲೆಗಳ ದಂಡೆಗೆ ಬೇಕು, ಶಾಲೆಗಳ ಅಂಗಳಕ್ಕೆ ಬೇಕು. ಅಲ್ಲಿ ನೆಟ್ಟು ಮೂರು ವರ್ಷ ನೀರು ಹಾಕುವುದು ಕಷ್ಟದ ಕೆಲಸ, ಬೋರ್ಡು ಹಾಕಲು ಜಾಗವೂ ಕಡಿಮೆ. ಅದಕ್ಕೇ ನಾವು ಯಾರೂ ಎದುರು ಮಾತಾಡದ ಮಾಳಕ್ಕೆ ಹೋಗುತ್ತೇವೆ.

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲ ಕಡೆಯ ಐಟಿ ಕಚೇರಿಗಳಲ್ಲಿ ನಮ್ಮವರಿದ್ದಾರೆ. ಮುಂಗಾರು ಬಂದರೆ ನಿಮ್ಮ ಇನ್‌ಬಾಕ್ಸಿಗೂ ಗಿಡ ನೆಡುವ ಆಹ್ವಾನ ಬರುತ್ತದೆ. ಹೆಸರು ಬರೆಸುವ ಮುನ್ನ ಮೂರು ಪ್ರಶ್ನೆ ಕೇಳಿ. ಆ ನೆಲದಲ್ಲಿ ಮೊದಲಿನಿಂದ ಏನಿದೆ? ಅಲ್ಲಿ ಯಾರ ದನ, ಯಾರ ಕುರಿ ಮೇಯುತ್ತವೆ? ಮೂರು ವರ್ಷದ ನಂತರ ಗಿಡ ಎಣಿಸಲು ಯಾರು ಬರುತ್ತಾರೆ? ಉತ್ತರ ಸಿಗದಿದ್ದರೆ ಆ ಶನಿವಾರ ಮನೆಯಲ್ಲೇ ಇರಿ. ಅದೇ ಹಣದಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕಿಸಬಹುದು. ಕೋಳಿ ಫಾರಂಗಳವರು ಸತ್ತ ಕೋಳಿಗಳನ್ನು ಬಯಲಿಗೆ ಎಸೆಯದಂತೆ ವ್ಯವಸ್ಥೆ ಮಾಡಬಹುದು. ಮರಿ ಕಳೆದುಕೊಂಡ ಕುರಿಗಾಹಿಗೆ ಪರಿಹಾರದ ಅರ್ಜಿ ತುಂಬಲು ನೆರವಾಗಬಹುದು. ಪುಣೆಯ ಅರಣ್ಯ ಇಲಾಖೆಯೇ ಕಡಬನವಾಡಿ, ಶಿರ್ಸುಫಳ್ ಕಡೆ ಹುಲ್ಲುಗಾವಲು ಸಫಾರಿ ನಡೆಸುತ್ತದೆ. ಹುಲ್ಲು ನೋಡಲು ಜನ ಬರುತ್ತಾರೆ ಎಂದಾದರೆ ಅದು ಪಾಳು ಹೇಗಾಗುತ್ತದೆ?

ನಾನು ತೋಳ ಕಂಡ ಜಾಗದ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಚಳಿಗಾಲ ತೋಳಗಳು ಮರಿ ಹಾಕುವ ಕಾಲ. ಹೆಸರು ತಿಳಿದರೆ ಮರುದಿನವೇ ನಮ್ಮಂಥ ಕ್ಯಾಮೆರಾದವರ ಜೀಪುಗಳು ಹುಲ್ಲಿನ ಮೇಲೆ ಓಡಾಡುತ್ತವೆ.

ಸಿಎಸ್‌ಆರ್ ವಿಭಾಗದವರು ಒಂದು ಮಾತಿಗೆ ಒಪ್ಪಿದ್ದಾರೆ. ಈ ಸಲದ ಜಾಗ ಗೊತ್ತುಮಾಡುವ ಮೊದಲು ನನ್ನನ್ನೂ ಕರೆದುಕೊಂಡು ಹೋಗಿ ತೋರಿಸುತ್ತಾರಂತೆ. ಅಷ್ಟರಿಂದ ಏನಾಗುತ್ತದೋ ಗೊತ್ತಿಲ್ಲ. ಆ ಮುದುಕನ ಫೋನ್ ನಂಬರ್ ನನ್ನ ಬಳಿ ಇದೆ. ಅವನನ್ನೂ ಕರೆಯಬೇಕು ಎಂದು ಷರತ್ತು ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.